ಸೀರಿಯಲ್‌ನಲ್ಲಿ ಕಾಣದ 20 ನಿಮಿಷ

ಹೆಲಿಕಾಪ್ಟರ್ ಇಳಿದು 20 ನಿಮಿಷ ಆಗಿತ್ತು. ನಾವಿನ್ನೂ ಐಸಿಯುನಲ್ಲಿ, ರೋಗಿಯ ಹಾಸಿಗೆ ಪಕ್ಕದಲ್ಲೇ ಇದ್ದೆವು. ಅವರ ಮಗ ಬಾಗಿಲ ಹತ್ತಿರ ನಿಂತು ಒಮ್ಮೆ ನಮ್ಮನ್ನು, ಒಮ್ಮೆ ಗಡಿಯಾರವನ್ನು ನೋಡುತ್ತಿದ್ದ. ಕೊನೆಗೆ ತಡೆಯಲಾಗದೆ ಕೇಳಿಯೇಬಿಟ್ಟ. "ಸಿಸ್ಟರ್, ಹೆಲಿಕಾಪ್ಟರ್ ಬಂದಾಯ್ತಲ್ಲ, ಇನ್ನೂ ಯಾಕೆ ಹೊರಟಿಲ್ಲ? ಟಿವಿಯಲ್ಲಿ ಬರ್ತಾರೆ, ಎತ್ಕೊಂಡು ಓಡ್ತಾರೆ."

ಅವನ ಮೇಲೆ ಸಿಟ್ಟು ಬರಲಿಲ್ಲ. ಏರ್ ಆಂಬ್ಯುಲೆನ್ಸ್ ಅಂದರೆ ಏನು ಅಂತ ಬಹಳ ಜನ ತಿಳಿದುಕೊಂಡಿರುವುದೇ ಟಿವಿಯಿಂದ. ಕೆಲಸಕ್ಕೆ ಸೇರುವ ಮುಂಚೆ ನಾನೂ ಹಾಗೇ ಅಂದುಕೊಂಡಿದ್ದೆ. ಓಡಬೇಕು, ಹತ್ತಬೇಕು, ಆಕಾಶದಲ್ಲಿ ರೋಗಿಯ ಪ್ರಾಣ ಹೋಗುವ ಹಾಗಾಗಬೇಕು, ನಾನು ಉಳಿಸಬೇಕು! ಸೇರಿದ ಮೊದಲ ವಾರವೇ ಹಿರಿಯರೊಬ್ಬರು ಹೇಳಿದರು, ಮೇಲೆ ಹೋದ ಮೇಲೆ ನಿನಗೆ ಕೈತುಂಬ ಕೆಲಸ ಇದ್ದರೆ ಕೆಳಗೆ ಏನೋ ಮರೆತಿದ್ದೀಯ ಅಂತ ಅರ್ಥ.

ಆ 20 ನಿಮಿಷದಲ್ಲಿ ನಾವು ಮಾಡುತ್ತಿದ್ದದ್ದು ಇಷ್ಟು. ರೋಗಿಗೆ ದಾರಿಯಲ್ಲಿ ಉಸಿರಾಟ ಕೈಕೊಡಬಹುದು ಅನ್ನಿಸಿದರೆ ಗಂಟಲಿಗೆ ನಳಿಕೆ ಇಲ್ಲೇ ಹಾಕಬೇಕು, ಮೇಲೆ ಅಲ್ಲ. ಡ್ರಿಪ್‌ಗೆ ಒಂದು ಸೂಜಿ ಸಾಲದು, ಇನ್ನೊಂದು ಬೇಕು. ಹೆಲಿಕಾಪ್ಟರ್‌ನ ಸೂರು ತಗ್ಗು, ಬಾಟಲಿಯನ್ನು ಎತ್ತರಕ್ಕೆ ನೇತುಹಾಕಲು ಜಾಗ ಇಲ್ಲ, ಆದ್ದರಿಂದ ಮುಖ್ಯವಾದ ಔಷಧಿಗಳನ್ನೆಲ್ಲ, ತಾನೇ ಒತ್ತಿ ಒಳಗೆ ಕಳಿಸುವ ಸಿರಿಂಜ್ ಪಂಪಿಗೆ ಹಾಕಬೇಕು. ಆಮೇಲೆ ಆಸ್ಪತ್ರೆಯ ವೆಂಟಿಲೇಟರ್ ಬಿಡಿಸಿ ನಮ್ಮ ಪುಟ್ಟ ವೆಂಟಿಲೇಟರ್‌ಗೆ ಹಾಕಿ ಸುಮ್ನೆ ನಿಂತು ನೋಡಬೇಕು. ಒಗ್ಗಿತಾ? ಆಕ್ಸಿಜನ್ ಮಟ್ಟ ಇಳಿಯಿತಾ? ಇಳಿದರೆ ಇಲ್ಲಿ ಡಾಕ್ಟರಿದ್ದಾರೆ, ಬೆಳಕಿದೆ, ನಿಲ್ಲಲು ಜಾಗವಿದೆ. ಆ ಹುಡುಗ ನೋಡಿದ್ದು ಈ ಸುಮ್ನೆ ನಿಂತ ಹೊತ್ತನ್ನೇ.

ಇನ್ನೊಂದು ಲೆಕ್ಕ ಇದೆ. ನಿಮಿಷಕ್ಕೆ 10 ಲೀಟರ್ ಆಕ್ಸಿಜನ್ ಬೇಕು ಅಂತಿಟ್ಟುಕೊಳ್ಳಿ. ಹಾರಾಟ 35 ನಿಮಿಷ. 350 ಲೀಟರ್ ಸಾಕು ಅಲ್ವಾ? ಸಾಲದು. ಈ ಹಾಸಿಗೆಯಿಂದ ಆ ಹಾಸಿಗೆವರೆಗಿನ ಪ್ರತಿ ನಿಮಿಷವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲಿಫ್ಟ್‌ಗೆ ಕಾಯುವುದು, ಸ್ಟ್ರೆಚರ್ ಏರಿಸುವುದು, ಆ ಕಡೆ ಇಳಿಸಿ ಒಳಗೆ ತಳ್ಳಿಕೊಂಡು ಹೋಗುವುದು, ಎಲ್ಲ ಸೇರಿಸಿ ಬಂದ ಅಂಕಿಯನ್ನು ನಾನು ಎರಡರಿಂದ ಗುಣಿಸುತ್ತೇನೆ. ಒಮ್ಮೆ ಸಿಲಿಂಡರ್ ಭರ್ತಿ ಇತ್ತು, ಲೆಕ್ಕವೂ ಸರಿ ಇತ್ತು, ಸಿಲಿಂಡರ್ ತಿರುಗಿಸುವ ಕೀ ಮಾತ್ರ ನೆಲದ ಮೇಲಿದ್ದ ಬ್ಯಾಗಿನಲ್ಲೇ ಉಳಿದಿತ್ತು. ಹೊರಡುವ ಮುಂಚೆ ಚೆಕ್‌ಲಿಸ್ಟ್ ಗಟ್ಟಿಯಾಗಿ ಓದಿದ್ದರಿಂದ ಗೊತ್ತಾಯಿತು. ಅವತ್ತಿನಿಂದ ಒಂದು ಕೀ ನನ್ನ ಜೇಬಿನಲ್ಲೇ ಇರುತ್ತದೆ, ಬಟ್ಟೆ ಒಗೆಯುವಾಗಲೂ ಎಷ್ಟೋ ಸಲ ಸಿಕ್ಕಿದೆ. ಯಾವ ನಿರ್ದೇಶಕ ಇದನ್ನು ಸೀನ್ ಮಾಡುತ್ತಾನೆ ಹೇಳಿ.

ಈಗ ಸದ್ದಿನ ವಿಷಯ. ನನ್ನನ್ನು ಕೇಳಿದರೆ ಟಿವಿಯ ದೊಡ್ಡ ಸುಳ್ಳು ಇದೇ. ಸೀರಿಯಲ್‌ನಲ್ಲಿ ಹೆಲಿಕಾಪ್ಟರ್ ಹಾರುತ್ತಿರುತ್ತದೆ, ನಾಯಕ ರೋಗಿಯ ಕಿವಿಯ ಹತ್ತಿರ ಬಗ್ಗಿ "ಧೈರ್ಯವಾಗಿರಿ" ಅಂತ ಮೆಲ್ಲಗೆ ಹೇಳುತ್ತಾನೆ, ಆಮೇಲೆ ಸ್ಟೆತಸ್ಕೋಪ್ ಇಟ್ಟು ಎಡ ಶ್ವಾಸಕೋಶ ಕೆಲಸ ಮಾಡುತ್ತಿಲ್ಲ ಅಂತ ಕಂಡುಹಿಡಿಯುತ್ತಾನೆ. ನಿಜವಾದ ಹೆಲಿಕಾಪ್ಟರ್ ಒಳಗೆ ಸ್ಟೆತಸ್ಕೋಪ್ ಕತ್ತಿನ ಅಲಂಕಾರ ಅಷ್ಟೇ. ನಮ್ಮ ಮಾತೆಲ್ಲ ಹೆಲ್ಮೆಟ್‌ನ ಮೈಕಿನಲ್ಲಿ, ಇಂಟರ್‌ಕಾಮ್ ಮೂಲಕ. ರೋಗಿಗೆ ಎಚ್ಚರ ಇದ್ದರೆ ಅವರಿಗೂ ಕಿವಿಗೆ ರಕ್ಷಣೆ ಹಾಕುತ್ತೇವೆ. ಟಿವಿಯಲ್ಲಿ ಹೆಲ್ಮೆಟ್ ಯಾಕೆ ಹಾಕುವುದಿಲ್ಲ ಅಂತ ಬಹಳ ದಿನ ಯೋಚಿಸಿದ್ದೆ. ಕಾರಣ ಸರಳ. ಹೆಲ್ಮೆಟ್ ಹಾಕಿದರೆ ನಟರ ಮುಖ ಕಾಣುವುದಿಲ್ಲ.

ಸದ್ದಿನ ಜೊತೆಗೆ ನಡುಕ. ರೋಗಿಯ ಕತ್ತಿನಲ್ಲಿ ನಾಡಿ ಹಿಡಿದರೆ ಬೆರಳಿಗೆ ಸಿಗುತ್ತಿರುವುದು ನಾಡಿಯಾ, ಯಂತ್ರದ ನಡುಕವಾ ಅಂತ ಗೊತ್ತಾಗುವುದಿಲ್ಲ. ತೋಳಿನ ಪಟ್ಟಿಯಲ್ಲಿ ಅಳೆಯುವ ಬಿಪಿ ಅರ್ಧಕ್ಕೇ ಕೈಚೆಲ್ಲಿ ಮತ್ತೆ ಗಾಳಿ ತುಂಬಿಕೊಳ್ಳುತ್ತದೆ. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನ ಅಲೆ ಎದ್ದು ಬಿದ್ದು ಕುಣಿಯುತ್ತದೆ. ಆಗ ನಾನು ನೋಡುವುದು ಉಸಿರಿನ ಜೊತೆ ಹೊರಬರುವ ಕಾರ್ಬನ್ ಡೈಆಕ್ಸೈಡನ್ನು ಪರದೆಯಲ್ಲಿ ತೋರಿಸುವ ಗೆರೆಯನ್ನು, ಎದೆ ಎರಡೂ ಕಡೆ ಸಮವಾಗಿ ಏಳುತ್ತಿದೆಯಾ ಅನ್ನುವುದನ್ನು, ತುಟಿಯ ಬಣ್ಣವನ್ನು. ಕಿವಿ ಕಳೆದುಕೊಂಡು ಕಣ್ಣಿನಲ್ಲೇ ಕೆಲಸ ಮಾಡುವುದನ್ನು ಕಲಿಯಲು ನನಗೆ ವರ್ಷವೇ ಬೇಕಾಯಿತು.

ಜಾಗದ ಕಥೆಯೂ ಅಷ್ಟೇ. ಟಿವಿಯಲ್ಲಿ ನಾಲ್ಕು ಜನ ಸ್ಟ್ರೆಚರ್ ಸುತ್ತ ನಿಂತು ಆಪರೇಷನ್ ಮಾಡುವಷ್ಟು ಜಾಗ ಇರುತ್ತದೆ. ನಾವು ಸೀಟ್‌ಬೆಲ್ಟ್ ಬಿಗಿದುಕೊಂಡು ಕೂತಿರುತ್ತೇವೆ, ಕೈಗೆ ಸಿಗುವುದು ರೋಗಿಯ ತಲೆ, ಎದೆ, ಹೆಚ್ಚೆಂದರೆ ಹೊಟ್ಟೆ. ಎಷ್ಟೋ ಹೆಲಿಕಾಪ್ಟರ್‌ಗಳಲ್ಲಿ ಕಾಲು ತಲುಪುವುದೇ ಇಲ್ಲ. ಅದಕ್ಕೇ ಕಾಲಿನಲ್ಲಿ ರಕ್ತ ಸೋರುತ್ತಿದ್ದರೆ ಏರಿಸುವ ಮುಂಚೆಯೇ ಬಿಗಿಯಾಗಿ ಕಟ್ಟಿ, ಮತ್ತೊಮ್ಮೆ ನೋಡಿ, ಆಮೇಲೆ ಹೊರಡುವುದು. ಇನ್ನು ಮನೆಯವರು ಅಳುತ್ತಾ ಬಂದು ಜೊತೆಗೇ ಹತ್ತಿಕೊಳ್ಳುವ ದೃಶ್ಯ. ತೂಕ ಮತ್ತು ಇಂಧನದ ಲೆಕ್ಕ ಅದಕ್ಕೆ ಬಹಳ ಸಲ ಒಪ್ಪುವುದಿಲ್ಲ. ನಮ್ಮದೂ ತೂಕ ಬರೆದಿಟ್ಟಿರುತ್ತಾರೆ, ಅದೊಂದು ಮುಜುಗರ ಬೇರೆ.

ಎದೆ ಒತ್ತುವುದನ್ನೂ ಶಾಕ್ ಕೊಡುವುದನ್ನೂ ಬಿಟ್ಟರೆ ಮೆಡಿಕಲ್ ಸೀರಿಯಲ್ಲೇ ಇಲ್ಲ. ಮಾನಿಟರ್ ಗೆರೆ ನೇರವಾಗುತ್ತದೆ, ಟೂಂ... ಅಂತ ಉದ್ದ ಸದ್ದು, ಡಾಕ್ಟರ್ ಎರಡು ಪ್ಯಾಡ್ ಉಜ್ಜಿ ಶಾಕ್ ಕೊಡುತ್ತಾರೆ, ರೋಗಿ ಕಣ್ಣು ಬಿಡುತ್ತಾರೆ. ನೇರ ಗೆರೆಗೆ ಶಾಕ್ ಕೊಡುವುದಿಲ್ಲ. ಹೃದಯ ನಿಂತೇ ಹೋಗಿದ್ದರೆ ಎದೆ ಒತ್ತಬೇಕು, ಅಡ್ರಿನಲಿನ್ ಕೊಡಬೇಕು, ಕಾರಣ ಹುಡುಕಬೇಕು. ಶಾಕ್ ಇರುವುದು ಹೃದಯದ ಕೆಳಕೋಣೆಗಳು ಲಯ ತಪ್ಪಿ ಗಡಗಡ ನಡುಗುವಾಗ, ಇಲ್ಲವೇ ನಾಡಿಯೇ ಸಿಗದಷ್ಟು ವೇಗವಾಗಿ ಬಡಿಯುವಾಗ. ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಬೆಲ್ಟ್ ಹಾಕಿ ಕೂತು ಪಕ್ಕಕ್ಕೆ ತಿರುಗಿ ಹಾಗೆ ಎರಡು ನಿಮಿಷ ಒತ್ತಿ ನೋಡಿ, ಸೊಂಟ ಹೇಳುತ್ತದೆ. ಅದಕ್ಕೇ ಒತ್ತುವ ಯಂತ್ರ ಇರುವ ಕಡೆ ಅದನ್ನು ನೆಲದ ಮೇಲಿರುವಾಗಲೇ ರೋಗಿಯ ಎದೆಗೆ ಕಟ್ಟಿಕೊಂಡು ಹೋಗುತ್ತೇವೆ.

ಟಿವಿ ಹೀಗೆ ತೋರಿಸಿದರೆ ಏನು ತೊಂದರೆ ಅಂತ ಕೇಳಬಹುದು. 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದ ಮೂರು ಟಿವಿ ಕಾರ್ಯಕ್ರಮಗಳಲ್ಲಿ ಸಿಪಿಆರ್, ಅಂದರೆ ನಿಂತ ಹೃದಯವನ್ನು ಎದೆ ಒತ್ತಿ ಮತ್ತೆ ನಡೆಸುವ ಪ್ರಯತ್ನ, ಮಾಡಿದ ದೃಶ್ಯಗಳನ್ನು ಎಣಿಸಿದರು. 100ಕ್ಕೆ 75 ಜನ ಆ ಕ್ಷಣಕ್ಕೆ ಬದುಕಿದ್ದರು, 67 ಜನ ಮನೆಗೂ ಹೋದಂತೆ ತೋರಿಸಿದ್ದರು. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ನಿಜವಾಗಿ ಬದುಕಿ ಮನೆಗೆ ಹೋಗುವವರು 10ರಲ್ಲಿ ಒಬ್ಬರ ಆಸುಪಾಸು, ಬಹಳ ಕಡೆ ಅದಕ್ಕಿಂತ ಕಡಿಮೆ. ಟಿವಿಯ ಲೆಕ್ಕ ತಲೆಯಲ್ಲಿಟ್ಟುಕೊಂಡ ಮಗನಿಗೋ ಹೆಂಡತಿಗೋ "ಉಳಿಯಲಿಲ್ಲ" ಅಂದಾಗ ಅವರ ಮುಖದಲ್ಲಿ ದುಃಖದ ಜೊತೆ ಒಂದು ಅನುಮಾನವೂ ಕಾಣುತ್ತದೆ. ಇವರೇ ಏನೋ ಸರಿಯಾಗಿ ಮಾಡಲಿಲ್ಲ ಅಂತ. ಸದ್ದಿನ ಸುಳ್ಳಿಗೆ ನಾನು ನಗುತ್ತೇನೆ, ಇದಕ್ಕೆ ನಗು ಬರುವುದಿಲ್ಲ.

ಪೈಲಟ್‌ಗಳ ಬಗ್ಗೆಯೂ ಹೇಳಬೇಕು. ಟಿವಿ ಪೈಲಟ್ ಬಿರುಗಾಳಿಯಲ್ಲಿ ಹಲ್ಲು ಕಚ್ಚಿ ನುಗ್ಗುತ್ತಾನೆ, ಯಾಕೆಂದರೆ ಅಲ್ಲೊಂದು ಮಗು ಕಾಯುತ್ತಿದೆ. ಬಹಳ ಕಡೆ ಪೈಲಟ್‌ಗೆ ಅಲ್ಲಿ ಮಗುವಿದೆ ಅನ್ನುವುದನ್ನೇ ಹೇಳುವುದಿಲ್ಲ. ಎಲ್ಲಿಗೆ, ಎಷ್ಟು ದೂರ, ಎಷ್ಟು ತೂಕ, ಅಷ್ಟೇ. ಹವಾಮಾನ ನೋಡಿ ಆಗುತ್ತೆ, ಆಗಲ್ಲ ಅಂತ ತಣ್ಣಗೆ ತೀರ್ಮಾನಿಸಲಿ ಅಂತ. ನಮ್ಮಲ್ಲಿ ಒಂದು ಮಾತಿದೆ: ಹೋಗೋಣ ಅನ್ನೋಕೆ ಎಲ್ಲರೂ ಒಪ್ಪಬೇಕು, ಬೇಡ ಅನ್ನೋಕೆ ಒಬ್ಬರು ಸಾಕು. ಬೇಡ ಅಂದವರನ್ನು ಯಾಕೆ ಅಂತ ಯಾರೂ ಅಲ್ಲೇ ತರಾಟೆಗೆ ತೆಗೆದುಕೊಳ್ಳುವುದಿಲ್ಲ. ಇಳಿಯುವಾಗ ಹಿಂದೆ ಕೂತ ನಾವೂ ರೋಗಿಯನ್ನು ಬಿಟ್ಟು ಕಿಟಕಿ ಕಡೆ ತಿರುಗುತ್ತೇವೆ. "ಬಲಕ್ಕೆ ತಂತಿ." "ಕಂಡಿತು." "ಎಡ ಖಾಲಿ." ಆ ಹೊತ್ತಿನಲ್ಲಿ ಬೇರೆ ಮಾತಿಲ್ಲ. ವಿದ್ಯುತ್ ತಂತಿಗಿಂತ ನಮ್ಮನ್ನು ಹೆದರಿಸುವ ವಸ್ತು ಇನ್ನೊಂದಿಲ್ಲ, ಟಿವಿಯಲ್ಲಿ ಆ ತಂತಿಗಳೇ ಇರುವುದಿಲ್ಲ.

ಮತ್ತೆ ಆ ಓಟ. ತಿರುಗುವ ರೆಕ್ಕೆಯ ಕೆಳಗೆ ನಾವು ಓಡುವುದಿಲ್ಲ, ನಡೆಯುತ್ತೇವೆ. ಪೈಲಟ್ ಕಣ್ಣಿಗೆ ಕಾಣುವ ಕಡೆಯಿಂದ, ಅವರು ಕೈ ತೋರಿಸಿದ ಮೇಲೆ. ಬಾಲದ ಕಡೆ ಹೋಗುವ ಮಾತೇ ಇಲ್ಲ, ಅಲ್ಲಿನ ಸಣ್ಣ ರೆಕ್ಕೆ ತಿರುಗುವಾಗ ಕಣ್ಣಿಗೆ ಕಾಣುವುದೇ ಕಷ್ಟ. ಆಸ್ಪತ್ರೆಯ ಕಥೆಯ 'ಇಆರ್' ಅನ್ನುವ ಅಮೆರಿಕದ ಸೀರಿಯಲ್‌ನಲ್ಲಿ ಒಬ್ಬ ಸರ್ಜನ್ ಬಾಲದ ರೆಕ್ಕೆಗೆ ಸಿಕ್ಕಿ ತೋಳು ಕಳೆದುಕೊಂಡಾಗ ಜನ ಅತಿಯಾಯಿತು ಅಂದಿದ್ದರು. ನನಗೆ ಅದು ಅತಿ ಅನ್ನಿಸಲಿಲ್ಲ. ಮುಂದಿನ ವರ್ಷ ಅದೇ ಪಾತ್ರದ ಮೇಲೆ ಇಡೀ ಹೆಲಿಕಾಪ್ಟರೇ ಬಿತ್ತಲ್ಲ, ಅದು ಅತಿ.

ಟಿವಿಯವರು ಸರಿಯಾಗಿ ತೋರಿಸುವುದೂ ಇದೆ. ಯಂತ್ರಗಳು ಈಗೀಗ ಅಸಲಿಯೇ ಇರುತ್ತವೆ. ಕೆಟ್ಟ ಕೇಸ್ ಮುಗಿಸಿ ಬಂದ ಮೇಲೆ ಯಾರೂ ಮಾತಾಡದೆ ನೆಲ ಒರೆಸುವ, ಬ್ಯಾಗ್ ತುಂಬುವ ಆ ಹೊತ್ತನ್ನು ಒಂದೆರಡು ಕಡೆ ಚೆನ್ನಾಗಿ ತೋರಿಸಿದ್ದಾರೆ. ಆದರೆ ನಮ್ಮ ಕೆಲಸದಲ್ಲಿ ಬಂಡೆಯಿಂದ ಜಾರಿದವರಿಗಿಂತ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವವರೇ ಜಾಸ್ತಿ, ಅದನ್ನು ಯಾರೂ ತೋರಿಸುವುದಿಲ್ಲ. ಅರ್ಧ ದಾರಿಯಲ್ಲಿ "ಬೇಡ, ವಾಪಸ್ ಬನ್ನಿ" ಅಂತ ಬರುವ ಕರೆಯನ್ನೂ.

ಆ ಹುಡುಗನಿಗೆ ಅವತ್ತು ಇಷ್ಟೆಲ್ಲ ಹೇಳಲು ಹೊತ್ತಿರಲಿಲ್ಲ. ಹತ್ತಿರ ಕರೆದು ವೆಂಟಿಲೇಟರ್ ಪರದೆ ತೋರಿಸಿದೆ. "ಈ ಗೆರೆ ನೋಡಪ್ಪ, ಹೀಗೇ ಐದು ನಿಮಿಷ ನಿಂತರೆ ಹೊರಡ್ತೀವಿ." ಅವನೂ ನಮ್ಮ ಜೊತೆ ಗೆರೆ ನೋಡುತ್ತಾ ನಿಂತ. ನಾಲ್ಕನೇ ನಿಮಿಷಕ್ಕೆ ಗೆರೆ ಸೊಟ್ಟಗಾಯಿತು, ಕಫ ಕಟ್ಟಿತ್ತು, ನಳಿಕೆಯಿಂದ ಎಳೆದು ತೆಗೆದೆವು. ಅವನು ಗಡಿಯಾರ ನೋಡಲಿಲ್ಲ. "ಮತ್ತೆ ಮೊದಲಿಂದ ಐದು ನಿಮಿಷಾನಾ ಸಿಸ್ಟರ್?" ಅಂದ. ಹೌದು ಅಂದೆ.