ಬೆವರಿಳಿಸಿದರೆ ಜ್ವರ ಬಿಡುತ್ತಾ?

ಮೈ ಬೆಚ್ಚಗಿದೆ ಅಂದರೆ ಸಾಕು, ಯೋಗ ಮಾಡುವವರ ನಡುವೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಹನ್ನೆರಡು ಸೂರ್ಯ ನಮಸ್ಕಾರ ಹಾಕು, ಚೆನ್ನಾಗಿ ಬೆವರಿಳಿಸು, ಜ್ವರ ತಾನಾಗಿ ಬಿಡುತ್ತೆ." ಅಭ್ಯಾಸ ತಪ್ಪಬಾರದು ಅನ್ನುವ ಶ್ರದ್ಧೆ ಮೆಚ್ಚುವಂಥದ್ದೇ. ಆದರೆ ಈ ಮಾತು ಪೂರ್ತಿ ತಲೆಕೆಳಗು. ಬೆವರು ಬಂತು ಅಂತ ಜ್ವರ ಬಿಡುವುದಲ್ಲ. ಜ್ವರ ಬಿಡಲು ಶುರುವಾಯಿತು ಅಂತ ಬೆವರು ಬರುವುದು.

ಮೈಯ ಬಿಸಿಯನ್ನು ನೋಡಿಕೊಳ್ಳುವುದು ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್. ಮಾಮೂಲಿ ದಿನ ಅದು 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೈಯನ್ನು ಇಟ್ಟಿರುತ್ತದೆ. ಸೋಂಕು ತಗುಲಿದಾಗ ರೋಗನಿರೋಧಕ ಕಣಗಳು ಸುದ್ದಿ ಕಳಿಸುತ್ತವೆ, ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗುತ್ತದೆ, ಹೈಪೊಥಲಾಮಸ್ ತನ್ನ ಗುರಿಯನ್ನು 39ಕ್ಕೆ ಏರಿಸುತ್ತದೆ. ಗೀಸರಿನ ನಾಬ್ ತಿರುಗಿಸಿದ ಹಾಗೆ. ನೀರು ಆಗಲೇ ಬಿಸಿ ಇದ್ದರೂ ಗೀಸರಿನ ಲೆಕ್ಕದಲ್ಲಿ ಅದಿನ್ನೂ ತಣ್ಣಗೇ, ಕೆಂಪು ದೀಪ ಹತ್ತಿಯೇ ಇರುತ್ತದೆ. ಮೈ 38 ಇರುವಾಗ ಎರಡೆರಡು ಕಂಬಳಿ ಹೊದ್ದರೂ ಗಡಗಡ ನಡುಗುತ್ತೇವಲ್ಲ, ಅದಕ್ಕೇ. ನಡುಗುವುದು ಅಂದರೆ ಸ್ನಾಯುಗಳು ಬಿಸಿ ಹುಟ್ಟಿಸುವ ಕೆಲಸ. ಸೋಂಕು ತಗ್ಗಿದಾಗ ಗುರಿ ಮತ್ತೆ 37ಕ್ಕೆ ಇಳಿಯುತ್ತದೆ. ಇಲ್ಲಿ ಗೀಸರಿನ ಹೋಲಿಕೆ ಕೈಕೊಡುತ್ತದೆ. ತಣ್ಣಗಾಗಲು ಗೀಸರಿಗೆ ಸ್ವಂತ ಉಪಾಯವಿಲ್ಲ, ಮೈಗಿದೆ. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರು ಕಿತ್ತುಕೊಂಡು ಬರುತ್ತದೆ.

ಪ್ಯಾರಾಸಿಟಮಾಲ್ ಮಾಡುವುದೂ ಇದನ್ನೇ. ಪ್ರೊಸ್ಟಾಗ್ಲಾಂಡಿನ್ ತಯಾರಿ ತಗ್ಗುತ್ತದೆ, ಗುರಿ ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ದಿಂಬು ಒದ್ದೆ. ವೈರಸ್ ಮಾತ್ರ ಇದ್ದಲ್ಲೇ ಇದೆ. ಮಾತ್ರೆ ನುಂಗಿ ಹುಷಾರಾದಂತೆ ಅನಿಸಿದ ಕೂಡಲೇ ಚಾಪೆ ಬಿಚ್ಚುವವರು ಇದನ್ನು ಮರೆಯುತ್ತಾರೆ.

ಸೂರ್ಯ ನಮಸ್ಕಾರದ ಬಿಸಿಯೇ ಬೇರೆ. ಅದು ಹೈಪೊಥಲಾಮಸ್‌ನ ಗುರಿಯನ್ನು ಬದಲಿಸುವುದಿಲ್ಲ, ಸುಮ್ನೆ ಒಲೆಗೆ ಸೌದೆ ತುರುಕುತ್ತದೆ. ಜ್ವರ ಒಂದು ಡಿಗ್ರಿ ಏರಿದರೆ ನಾಡಿ ಬಡಿತ ನಿಮಿಷಕ್ಕೆ ಸುಮಾರು 10 ಜಾಸ್ತಿಯಾಗುತ್ತದೆ. ಅಂದರೆ 39 ಡಿಗ್ರಿಯಲ್ಲಿ ಸುಮ್ಮನೆ ಮಲಗಿದ್ದರೂ ಹೃದಯ ಆಗಲೇ 20 ಬಡಿತ ಹೆಚ್ಚು ದುಡಿಯುತ್ತಿದೆ. ನೀರಿನಂಶವೂ ಕಡಿಮೆಯಾಗಿರುತ್ತದೆ, ಬಗ್ಗಿ ಎದ್ದರೆ ಕಣ್ಣು ಕತ್ತಲೆ. ಇನ್ನೂ ಒಂದಿದೆ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿನಲ್ಲೇ ಉರಿಯೂತ ಎಬ್ಬಿಸುತ್ತವೆ. ಅಪರೂಪ, ಒಪ್ಪೋಣ. ಆದರೆ ಹಾಗಾದ ಆಟಗಾರರನ್ನು ಡಾಕ್ಟರುಗಳು ತಿಂಗಳುಗಟ್ಟಲೆ ಮೈದಾನಕ್ಕೆ ಬಿಡುವುದಿಲ್ಲ.

"ಇದೆಲ್ಲ ಅಲೋಪಥಿ ಮಾತು" ಅನ್ನುವವರು ಹಳೆಯ ಗ್ರಂಥಗಳನ್ನೇ ತೆರೆಯಲಿ. ಪತಂಜಲಿ ಯೋಗಕ್ಕೆ ಒಂಬತ್ತು ಅಡ್ಡಿಗಳನ್ನು ಪಟ್ಟಿ ಮಾಡುತ್ತಾನೆ, ಮೊದಲನೆಯದೇ ವ್ಯಾಧಿ. ಹಠಯೋಗ ಪ್ರದೀಪಿಕೆ ಇನ್ನೂ ನೇರ. ಪ್ರಾಣಾಯಾಮ ಸರಿಯಾಗಿ ಮಾಡಿದರೆ ಎಲ್ಲ ರೋಗವೂ ಹೋಗುತ್ತದೆ, ತಪ್ಪಾಗಿ ಮಾಡಿದರೆ ಎಲ್ಲ ರೋಗವೂ ಬರುತ್ತದೆ ಅನ್ನುತ್ತದೆ. ಬರುವವುಗಳ ಪೈಕಿ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆನೋವು, ಕಿವಿನೋವು ಅಂತ ಹೆಸರು ಸಮೇತ ಹೇಳುತ್ತದೆ. ಮೊದಲರ್ಧ ಮಾತ್ರ ವಾಟ್ಸಾಪಿನಲ್ಲಿ ಓಡಾಡುತ್ತದೆ, ಅಲ್ವಾ?

ಹಾಗಂತ ಕಾಯಿಲೆಗೂ ಯೋಗಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಅಂತಲ್ಲ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ, ಇನ್‌ಫ್ಲುಯೆಂಜಾ ಮಹಾಮಾರಿ ಊರೂರು ಸುತ್ತುತ್ತಿದ್ದಾಗ. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಕಂಡ ಹುಡುಗ 1934ರಲ್ಲಿ ಮೈಸೂರಿಗೆ ಬಂದು, ಭಾವ ಕೃಷ್ಣಮಾಚಾರ್ಯರ ಕೈಕೆಳಗೆ ಆಸನ ಕಲಿತರು. ಮುಂದೆ ಪುಣೆಯಲ್ಲಿ ಕುರ್ಚಿ, ಹಗ್ಗ, ಮರದ ಇಟ್ಟಿಗೆ, ದುಂಡು ದಿಂಬು ಎಲ್ಲವನ್ನೂ ಆಸನಕ್ಕೆ ಎಳೆತಂದರು. ಬೆನ್ನ ಕೆಳಗೆ ದಿಂಬಿಟ್ಟು ಮಲಗಿದರೆ ಎದೆ ತೆರೆದುಕೊಳ್ಳುತ್ತದೆ, ಸ್ನಾಯುಗಳಿಗೆ ಹೆಚ್ಚು ಕೆಲಸವಿಲ್ಲ. ಮೈಯ ಭಾರವನ್ನೆಲ್ಲ ದಿಂಬೇ ಹೊರುತ್ತದೆ. ಜ್ವರ ಬಿಟ್ಟು ಸುಸ್ತು ಉಳಿದಿರುವ ದಿನಗಳಿಗೆ ಹೇಳಿ ಮಾಡಿಸಿದ ಉಪಾಯ.

ಜ್ವರವಿಲ್ಲದ ಬರೀ ನೆಗಡಿಯಾದರೆ ಹಗುರವಾಗಿ ಮಾಡಬಹುದು. ತಲೆ ಕೆಳಗೆ ಮಾಡುವ ಆಸನ ಮಾತ್ರ ಬೇಡ. ಮೂಗಿನ ಒಳಪದರ ರಕ್ತನಾಳಗಳ ಗಂಟು. ತಲೆ ಕೆಳಗಾದರೆ ಅಲ್ಲಿ ರಕ್ತ ತುಂಬಿ ಮೂಗು ಇನ್ನಷ್ಟು ಕಟ್ಟುತ್ತದೆ, ಕಿವಿಯೂ ಗುಯ್ ಅನ್ನುತ್ತದೆ. ಕೆಮ್ಮಿದ್ದಾಗ ಕಪಾಲಭಾತಿ, ಅಂದರೆ ಉಸಿರನ್ನು ರಭಸವಾಗಿ ಹೊರದಬ್ಬುವ ಕ್ರಿಯೆ, ಮಾಡಿದರೆ ಕೆಮ್ಮಿಗೆ ತಾಳ ಹಾಕಿದಂತೆಯೇ.

ಮತ್ತೆ ಶುರು ಮಾಡುವ ಮುನ್ನ ಬೆಳಿಗ್ಗೆ ಹಾಸಿಗೆಯಿಂದ ಏಳದೆ, ಮಣಿಕಟ್ಟಿನಲ್ಲಿ ಒಂದು ನಿಮಿಷ ನಾಡಿ ಎಣಿಸಿ. ಮಾಮೂಲಿಗಿಂತ ಜಾಸ್ತಿ ಇದ್ದರೆ ಅವತ್ತಿಗೆ ಶವಾಸನ ಸಾಕು. ಎದೆ ಹಿಡಿದಂತಾದರೆ, ಏದುಸಿರು ಬಂದರೆ ಅದೂ ಬೇಡ, ನೇರ ಡಾಕ್ಟರ ಹತ್ತಿರ ಹೋಗಿ.