ಬ್ಯಾಟರಿ ಸರಿಯಿದೆ, ಹಾಗಾದರೆ ವೋಲ್ಟೇಜ್ ಎಲ್ಲಿ ಸೋರುತ್ತಿದೆ?

ಹಳೆಯ ಮೀನುಗಾರಿಕೆ ದೋಣಿಯಲ್ಲಿ ಲೈಟು ಮಂಕಾದರೆ, ಸ್ಟಾರ್ಟರ್ 'ಟಕ್' ಎಂದು ಸುಮ್ಮನಾದರೆ, ಎಲ್ಲರೂ ಮೊದಲು ದೂರುವುದು ಬ್ಯಾಟರಿಯನ್ನು. ಹೊಸದನ್ನು ತಂದು ಕೂರಿಸುತ್ತಾರೆ, ಸ್ವಲ್ಪ ದಿನ ಎಲ್ಲ ಸರಿಯಿರುತ್ತದೆ, ಆಮೇಲೆ ಮತ್ತೆ ಅದೇ ರಗಳೆ. ವರ್ಷಗಟ್ಟಲೆ ಉಪ್ಪುಗಾಳಿ ಕುಡಿದ ದೋಣಿಯಲ್ಲಿ ದೋಷ ಬಹಳ ಸಲ ಇರುವುದು ಬ್ಯಾಟರಿಗೂ ಉಪಕರಣಕ್ಕೂ ನಡುವಿನ ಜಾಯಿಂಟ್‌ಗಳಲ್ಲಿ. ಅದನ್ನು ಹಿಡಿಯಲು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಆದರೆ ಅಳೆಯಬೇಕಾದದ್ದು ಕರೆಂಟ್ ಹರಿಯುತ್ತಿರುವಾಗ.

ಕಾರಣ ಓಮ್‌ನ ನಿಯಮದಲ್ಲೇ ಇದೆ. ವೋಲ್ಟೇಜ್ ನಷ್ಟ ಎಂದರೆ ಕರೆಂಟ್ ಮತ್ತು ರೋಧದ ಗುಣಲಬ್ಧ. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಹಾಗಾಗಿ ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12.6 ವೋಲ್ಟ್ ತೋರಿಸುತ್ತದೆ. ಲೈಟಿನ ಸ್ವಿಚ್ ಹಾಕಿದ ಕ್ಷಣ ಅದೇ ಜಾಗದಲ್ಲಿ ವೋಲ್ಟೇಜ್ ಕುಸಿಯುತ್ತದೆ. ಕಿಲುಬು ಹಿಡಿದ ಜಾಯಿಂಟಿನಲ್ಲಿ 0.2 ಓಮ್ ರೋಧವಿದ್ದು 5 ಆಂಪಿಯರ್ ಹರಿದರೆ 1 ವೋಲ್ಟ್ ಅಲ್ಲೇ ಹೋಯಿತು. ಸ್ಟಾರ್ಟರಿನ ಲೆಕ್ಕ ಇನ್ನೂ ಕಠಿಣ: 200 ಆಂಪಿಯರ್ ಹರಿಯುವಾಗ ಬರೀ 0.01 ಓಮ್ ರೋಧ 2 ವೋಲ್ಟ್ ನುಂಗಿ, ಆ ಒಂದೇ ಜಾಗದಲ್ಲಿ 400 ವಾಟ್ ಶಾಖ ಹುಟ್ಟಿಸುತ್ತದೆ. ಕ್ರ್ಯಾಂಕ್ ಮಾಡಿದ (ಸ್ಟಾರ್ಟರ್ ತಿರುಗಿಸಿದ) ಮೇಲೆ ಯಾವುದಾದರೂ ಲಗ್, ಅಂದರೆ ವೈರಿನ ತುದಿಯ ಲೋಹದ ಕೊಂಡಿ, ಬಿಸಿಯಾಗಿದ್ದರೆ ಹುಡುಕಾಟ ಅಲ್ಲಿಂದಲೇ ಶುರುವಾಗಲಿ.

ವಿಎಚ್‌ಎಫ್ ರೇಡಿಯೋ (ದೋಣಿಯಿಂದ ದೋಣಿಗೆ ಮಾತಾಡುವ ಸೆಟ್) ಇದಕ್ಕೆ ಒಳ್ಳೆಯ ಸಾಕ್ಷಿ. ಬೇರೆಯವರ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ಮಾತಾಡಲು ಬಟನ್ ಒತ್ತಿದೊಡನೆ ಸೆಟ್ ಆಫ್. ಕೇಳುವಾಗ ಅದು ಎಳೆಯುವುದು ಒಂದು ಆಂಪಿಯರಿಗಿಂತ ಕಡಿಮೆ. 25 ವಾಟಿನಲ್ಲಿ ಪ್ರಸಾರ ಮಾಡುವಾಗ 5–6 ಆಂಪಿಯರ್. ಇಂಥ ಸೆಟ್ಟನ್ನು ರಿಪೇರಿಗೆ ಕಳಿಸುವ ಮೊದಲು ಅದರ ವೈರಿಂಗ್ ಅಳೆದು ನೋಡಬೇಕು.

ಆದರೂ ಪರೀಕ್ಷೆ ಬ್ಯಾಟರಿಯಿಂದಲೇ ಆರಂಭವಾಗಬೇಕು, ಅನುಮಾನ ಕಳೆಯುವುದಕ್ಕೆ. ಚಾರ್ಜ್ ಆದ ಮೇಲೆ ಕೆಲವು ಗಂಟೆ ಬಿಟ್ಟು ಅಳೆದರೆ, 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ತುಂಬಿದ್ದಾಗ 12.6–12.7, ಅರ್ಧವಿದ್ದಾಗ ಸುಮಾರು 12.2 ತೋರಿಸುತ್ತದೆ. 11.9ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ತುಂಬಿದ ಬ್ಯಾಟರಿ ಕ್ರ್ಯಾಂಕ್ ಮಾಡುವಾಗ 9.6ಕ್ಕಿಂತ ಕೆಳಗಿಳಿದರೆ ಅದನ್ನು ಅನುಮಾನಿಸಬಹುದು. ಎಂಜಿನ್ ಓಡುವಾಗ 13.8ರಿಂದ 14.4 ಇರಬೇಕು. ಅಷ್ಟು ಏರದಿದ್ದರೆ ಮೊದಲು ಬೆಲ್ಟ್, ಆಮೇಲೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಮತ್ತು ಅದರ ಔಟ್‌ಪುಟ್ ವೈರ್ ನೋಡಿ. 15 ದಾಟಿದರೆ ಆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿಯ ನೀರು ಬೇಗ ಬತ್ತುವುದಕ್ಕೂ ಅದೇ ಕಾರಣ. 24 ವೋಲ್ಟಿನ ದೋಣಿಗೆ ಈ ಅಂಕಿಗಳನ್ನೆಲ್ಲ ದುಪ್ಪಟ್ಟು ಮಾಡಿಕೊಳ್ಳಿ.

ಮುಂದಿನ ಪರೀಕ್ಷೆಗೇ ಹೆಚ್ಚು ಸಮಯ ಕೊಡಬೇಕು. ತೊಂದರೆ ಕೊಡುವ ಉಪಕರಣವನ್ನು ಆನ್ ಮಾಡಿ ಹಾಗೇ ಬಿಡಿ. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ, ಕಪ್ಪು ಕಡ್ಡಿಯನ್ನು ಉಪಕರಣದ ಪಾಸಿಟಿವ್ ಟರ್ಮಿನಲ್‌ಗೆ ಇಡಿ. ಕಾಣುವ ಅಂಕಿಯೇ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಕೆಂಪು ಕಡ್ಡಿ ತಾಗಬೇಕಾದದ್ದು ಸೀಸದ ಕಂಬಕ್ಕೇ ಹೊರತು ಅದರ ಸುತ್ತ ಬಿಗಿದ ಕ್ಲಾಂಪಿಗಲ್ಲ. ಕಂಬಕ್ಕೂ ಕ್ಲಾಂಪಿಗೂ ನಡುವೆ ಕಣ್ಣಿಗೆ ಕಾಣದ ಆಕ್ಸೈಡ್ ಪದರವೇ ಎಷ್ಟೋ ಸಲ ಅಪರಾಧಿ. ರೇಡಿಯೋ, ಪಂಪ್, ಸಂಚಾರದ ದೀಪಗಳಂಥ ಮುಖ್ಯ ಲೈನುಗಳಲ್ಲಿ ಹೋಗಿ ಬರುವ ದಾರಿಯ ಒಟ್ಟು ನಷ್ಟ ಶೇಕಡಾ 3, ಅಂದರೆ 0.36 ವೋಲ್ಟ್ ಮೀರಬಾರದು. ಮೀರಿದ್ದರೆ ಕಪ್ಪು ಕಡ್ಡಿಯನ್ನು ಒಂದೊಂದೇ ಜಾಯಿಂಟ್ ದಾಟಿಸುತ್ತ ಬ್ಯಾಟರಿಯ ಕಡೆಗೆ ಬನ್ನಿ: ಸ್ವಿಚ್, ಫ್ಯೂಸ್ ಹಿಡಿಕೆ, ಬಸ್ ಬಾರ್ (ಹಲವು ವೈರುಗಳು ಸೇರುವ ಲೋಹದ ಪಟ್ಟಿ). ಅಂಕಿ ಎಲ್ಲಿ ಥಟ್ಟನೆ ಇಳಿಯುತ್ತದೋ, ಆಗಷ್ಟೇ ದಾಟಿದ ಜಾಯಿಂಟಿನಲ್ಲೇ ದೋಷವಿದೆ.

ಇದೇ ಪರೀಕ್ಷೆಯನ್ನು ನೆಗೆಟಿವ್ ಕಡೆಯಲ್ಲೂ ಮಾಡಲೇಬೇಕು. ಹಲವರು ಇದನ್ನು ಬಿಟ್ಟುಬಿಡುತ್ತಾರೆ, ದೋಷ ಅಲ್ಲೇ ಉಳಿದುಕೊಳ್ಳುತ್ತದೆ. ಒಂದು ಲೈಟು ಹಾಕಿದರೆ ಸಂಬಂಧವೇ ಇಲ್ಲದ ಇನ್ನೊಂದು ಮಿಣುಕಿದರೆ, ಎರಡಕ್ಕೂ ಸೇರಿದ ನೆಗೆಟಿವ್ ಜಾಯಿಂಟ್ ಸಡಿಲವಾಗಿ ಕರೆಂಟ್ ಅಡ್ಡದಾರಿ ಹಿಡಿದಿದೆ ಎಂದೇ ಅರ್ಥ.

ಯಾವ ಜಾಯಿಂಟಿನಲ್ಲೂ ತಪ್ಪಿಲ್ಲ, ಆದರೂ ನಷ್ಟ ಹೆಚ್ಚು ಎಂದರೆ ವೈರೇ ಸಣ್ಣದು. 15 ಮೀಟರ್ ದೂರದ ದೀಪಕ್ಕೆ ಹೋಗಿ ಬರುವ ವೈರ್ 30 ಮೀಟರ್. 2.5 ಚದರ ಮಿಲಿಮೀಟರಿನ ತಾಮ್ರದಲ್ಲಿ ಅದರ ರೋಧ ಸುಮಾರು 0.2 ಓಮ್, 5 ಆಂಪಿಯರಿಗೆ ಮತ್ತೆ 1 ವೋಲ್ಟ್ ನಷ್ಟ.

ದುರಸ್ತಿಯಲ್ಲಿ ಅವಸರ ಬೇಡ. ಪ್ಲಾಸ್ಟಿಕ್ ಹೊದಿಕೆ ಸುಲಿದಾಗ ತಾಮ್ರ ಕಪ್ಪಾಗಿದ್ದರೆ, ಹೊಳೆಯುವ ಎಳೆ ಸಿಗುವವರೆಗೂ ಕತ್ತರಿಸುತ್ತ ಹೋಗಬೇಕು. ಉಪ್ಪುನೀರು ಎಳೆಗಳ ಸಂದಿಯಲ್ಲಿ ಒಳಗೊಳಗೇ ಏರುವುದರಿಂದ ಹೊರಗೆ ಚೆನ್ನಾಗಿ ಕಾಣುವ ವೈರ್ ಗೇಣುದ್ದ ಕೆಟ್ಟಿರಬಹುದು. ಹೊಸದಾಗಿ ಹಾಕುವುದು ತವರ ಲೇಪಿಸಿದ ತಾಮ್ರದ ವೈರ್ ಆಗಿರಲಿ. ಸರಿಯಾದ ಅಳತೆಯ ಲಗ್ ಇಟ್ಟು ಕ್ರಿಂಪ್ ಮಾಡಿ (ಇಕ್ಕಳದಿಂದ ಅದುಮಿ ಬಿಗಿದು), ಒಳಮೈಯಲ್ಲಿ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹೊದಿಸಿ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ತೇವವನ್ನು ಒಳಗೇ ಹಿಡಿದಿಡುತ್ತದೆ. ಬರೀ ಬೆಸುಗೆಯನ್ನು ನಂಬಿದರೆ, ಬೆಸುಗೆ ಮುಗಿಯುವ ಜಾಗದಲ್ಲಿ ವೈರ್ ಗಡುಸಾಗಿ ಎಂಜಿನ್ನಿನ ಕಂಪನಕ್ಕೆ ಮುರಿಯುತ್ತದೆ.

ನಿಂತ ದೋಣಿಯಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ ಹುಡುಕಬೇಕಾದದ್ದು ಸೋರಿಕೆಯನ್ನು. ಎಲ್ಲವನ್ನೂ ಆಫ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರ್ ವ್ಯಾಪ್ತಿಯಲ್ಲಿ ಜೋಡಿಸಿ. ಈ ಸ್ಥಿತಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡಬಾರದು. 100 ಮಿಲಿಆಂಪಿಯರ್ ಕಂಡರೆ ದಿನಕ್ಕೆ 2.4 ಆಂಪಿಯರ್-ಗಂಟೆ ಹೋಯಿತು. 100 ಆಂಪಿಯರ್-ಗಂಟೆಯ ಬ್ಯಾಟರಿ ಮೂರು ವಾರದಲ್ಲಿ ಅರ್ಧ. ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುತ್ತ ಹೋದರೆ ತಪ್ಪಿತಸ್ಥ ಲೈನ್ ಸಿಗುತ್ತದೆ. ತಳದ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ಲೈನೇ ಆಗಿದ್ದರೆ ನಾಳೆಗೆ ಬಿಡಬೇಡಿ. ದೋಣಿಯ ತಳದ ನೀರಿನಲ್ಲಿ ನೆನೆದ ಪಾಸಿಟಿವ್ ಜಾಯಿಂಟಿನಿಂದ ಕರೆಂಟ್ ಸೋರಿ, ಅಲ್ಲಿನ ಲೋಹದ ಭಾಗಗಳ ಮೂಲಕ ಹರಿಯುತ್ತದೆ. ಅದು ಯಾವ ಲೋಹದಿಂದ ನೀರಿಗೆ ಇಳಿಯುತ್ತದೋ ಆ ಲೋಹ ಕರಗುತ್ತದೆ, ಸಾಮಾನ್ಯ ತುಕ್ಕಿಗಿಂತ ಎಷ್ಟೋ ಪಟ್ಟು ಬೇಗ. ಸಮುದ್ರದ ನೀರು ಒಳಬರುವ ವಾಲ್ವ್ ಹೀಗೆ ತೂತಾದರೆ ದೋಣಿಯೇ ಮುಳುಗುತ್ತದೆ.

ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಆಗ ಸ್ಪ್ಯಾನರ್ ಎಂಜಿನ್ನಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಚಾರ್ಜಿಂಗ್ ವೇಳೆ ಹೈಡ್ರೋಜನ್ ಹೊರಬರುವುದರಿಂದ ಬ್ಯಾಟರಿ ಕೋಣೆಗೆ ಮೊದಲು ಗಾಳಿ ಆಡಲಿ. ಎಂಜಿನ್ ಓಡುತ್ತಿರುವಾಗ ಮೇನ್ ಸ್ವಿಚ್ ಆಫ್ ಮಾಡಿದರೆ ಆಲ್ಟರ್ನೇಟರಿನ ಡಯೋಡ್‌ಗಳು ಸುಡಬಹುದು. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ 10ರ ಜಾಗಕ್ಕೆ 30 ಆಂಪಿಯರಿನದನ್ನು ಎಂದಿಗೂ ಹಾಕಬೇಡಿ. ಫ್ಯೂಸ್ ಕಾಯುವುದು ವೈರನ್ನು. ದೊಡ್ಡ ಫ್ಯೂಸ್ ಸುಮ್ಮನಿರುವಾಗ ಗೋಡೆಯ ಹಿಂದೆ ಬಿಸಿಯಾಗುವುದು ಅದೇ ವೈರ್. ಆ ಲೈನನ್ನು ಆಫ್ ಮಾಡಿ, ಅಂಚಿಗೆ ಉಜ್ಜಿ ಹೊದಿಕೆ ಹರಿದ ಜಾಗವನ್ನು ಹುಡುಕಿ.