ಚಾಕು ಹೇಳುವುದು ಕಲ್ಲಿನ ಜಾತಿಯನ್ನು, ವಯಸ್ಸನ್ನಲ್ಲ

ಕಳೆದ ತಿಂಗಳು ಹಿರಿಯರೊಬ್ಬರು, ಹಾಂಗ್‌ಕಾಂಗ್‌ನಲ್ಲಿ ಕೊಂಡ, ಜೇಡ್ ಕಲ್ಲಿನಲ್ಲಿ ಕೆತ್ತಿದ ಪುಟ್ಟ ಕೋಣವೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು. ನಾನು ಭೂತಗನ್ನಡಿ ಎತ್ತಿಕೊಳ್ಳುವಷ್ಟರಲ್ಲಿ ಜೇಬಿನಿಂದ ಚಾಕು ತೆಗೆದು ಅದರ ಹೊಟ್ಟೆಯ ಮೇಲೆ ಗೀರಿಯೂ ಬಿಟ್ಟರು. “ನೋಡಿ ಸಾರ್, ಜಗ್ಗಲಿಲ್ಲ. ಹಾನ್ ಕಾಲದ್ದೇ!” ಕಲ್ಲಿನ ಮೇಲೆ ಉಳಿದದ್ದು ಚಾಕುವಿನದೇ ಉಕ್ಕಿನ ಬೂದು ಗೆರೆ, ಬೆರಳಿನಿಂದ ಉಜ್ಜಿದರೆ ಹೋಗುವಂಥದು. ಚೀನಾದ ಹಾನ್ ಅರಸರ ಕಾಲದ, ಎರಡು ಸಾವಿರ ವರ್ಷದ ವಸ್ತುವೆಂದು ನಂಬಿದವರಿಗೆ ಅದರ ಮೇಲೆ ಚಾಕು ಆಡಿಸಲು ಮನಸ್ಸಾದರೂ ಹೇಗೆ ಬರುತ್ತದೆ ಎಂಬುದು ನನಗೆ ಇಂದಿಗೂ ಒಗಟು.

ಚೀನಾದ ಹಳೆಯ ಜೇಡ್ ಪ್ರಾಣಿಗಳು ಬಹುಪಾಲು ನೆಫ್ರೈಟ್ ಎಂಬ ಕಲ್ಲಿನವು. ಮೋಸ್ ಮಾಪಕದಲ್ಲಿ ಅದರ ಗಡಸುತನ 6ರಿಂದ 6.5, ಸಾಧಾರಣ ಚಾಕುವಿನದು ಸುಮಾರು 5.5. ಆದ್ದರಿಂದ ಗೀರು ಬೀಳದಿದ್ದರೆ ಅದು ಬಳಪದ ಕಲ್ಲಿನಂಥ ಮೆದು ಕಲ್ಲಲ್ಲ ಎಂದಷ್ಟೇ ತಿಳಿಯುತ್ತದೆ. ಕಳೆದ ವರ್ಷ ಗಣಿಯಿಂದ ತೆಗೆದು ವಜ್ರದ ಹುಡಿ ಮೆತ್ತಿದ ಯಂತ್ರದಲ್ಲಿ ಕೆತ್ತಿದ ನೆಫ್ರೈಟೂ ಚಾಕುವಿಗೆ ಅಷ್ಟೇ ಜಗ್ಗುವುದಿಲ್ಲ. ಒರೆಗಲ್ಲು ಚಿನ್ನದ ಅಪ್ಪಟತನವನ್ನು ಹೇಳುತ್ತದೆಯೇ ಹೊರತು ಸರ ಅಜ್ಜಿಯದೋ ನಿನ್ನೆ ಮಾಡಿಸಿದ್ದೋ ಎಂಬುದನ್ನು ಹೇಳುವುದಿಲ್ಲ. ಇದನ್ನು ಒಬ್ಬೊಬ್ಬರಿಗೂ ಮೂರು ಸಲ ಹೇಳುತ್ತೇನೆ, ತಲೆಯಾಡಿಸಿ ಹೋದವರು ಮುಂದಿನ ಬಾರಿ ಮತ್ತೆ ಚಾಕು ಹಿಡಿದೇ ಬರುತ್ತಾರೆ.

ವಯಸ್ಸಿನ ಸುಳಿವು ಇರುವುದು ಕೆಲಸದ ಗುರುತಿನಲ್ಲಿ. ಜೇಡ್ ಅನ್ನು ಉಳಿಯಿಂದ ಕೆತ್ತಲಾಗದು. ಗಟ್ಟಿ ಮರಳನ್ನು ನೀರಿನೊಂದಿಗೆ ಹಾಕಿ, ತಿರುಗುವ ಬಿಲ್ಲೆಯಿಂದ ದಿನಗಟ್ಟಲೆ ತೇಯಬೇಕಿತ್ತು. ಹಾಗಾಗಿ ನಾನು ಮೊದಲು ನೋಡುವುದು ಮುಖವನ್ನಲ್ಲ, ಮೆರುಗು ಸುಲಭಕ್ಕೆ ತಲುಪದ ಕಾಲುಗಳ ಸಂದನ್ನು ಮತ್ತು ದಾರ ಪೋಣಿಸುವ ತೂತನ್ನು. ಹಳೆಯ ತೂತುಗಳನ್ನು ಅನೇಕ ವೇಳೆ ಎರಡೂ ಕಡೆಯಿಂದ ಕೊರೆಯುತ್ತಿದ್ದುದರಿಂದ ನಡುವೆ ಅವು ಸೇರುವಲ್ಲಿ ಸಣ್ಣ ಮೆಟ್ಟಿಲು ಕಾಣುತ್ತದೆ. ಆದರೆ ನಕಲು ಮಾಡುವವರಿಗೂ ಇದೆಲ್ಲ ಗೊತ್ತು. ಒಂದೇ ಗುರುತನ್ನು ನೆಚ್ಚಿ ನಾನು ತೀರ್ಪು ಕೊಡುವುದಿಲ್ಲ.

ಹಳತೆಂಬುದಕ್ಕೆ ಸಾಕ್ಷಿಯೆಂದು ತೋರಿಸುವ ಕಂದು ಬಣ್ಣವೂ ಹೀಗೆಯೇ. ಪಶ್ಚಿಮ ಚೀನಾದ ಖೋತಾನ್‌ನ ನದಿಗಳಲ್ಲಿ ಸಿಗುವ ಉಂಡೆಗಲ್ಲುಗಳಿಗೆ ಸಹಜವಾಗಿಯೇ ಕಂದು ಸಿಪ್ಪೆಯಿರುತ್ತದೆ, ಜಾಣ ಕುಶಲಕರ್ಮಿ ಅದನ್ನು ನಾಯಿಯ ಕಿವಿಗೋ ಬಾತಿನ ರೆಕ್ಕೆಗೋ ಉಳಿಸಿಕೊಳ್ಳುತ್ತಿದ್ದ. ಬಣ್ಣ ಬಿರುಕುಗಳಲ್ಲಿ ಮಾತ್ರ ದಟ್ಟವಾಗಿ ಕೂತಿದ್ದರೆ ಅದು ಆಮೇಲೆ ಹಚ್ಚಿದ್ದೇನೋ ಎಂದು ನನಗೆ ಅನುಮಾನ ಬರುತ್ತದೆ. ಇನ್ನು ಜೇಡ್ ಎಂದೇ ಕರೆಯುವ ಇನ್ನೊಂದು ಕಲ್ಲಾದ ಎಲೆಹಸಿರು ಜೇಡೈಟ್‌ನ ಪ್ರಾಣಿಗೆ ಹಾನ್ ಕಾಲವೆಂಬ ಚೀಟಿ ಅಂಟಿಸಿದ್ದರೆ ಚರ್ಚೆಯೇ ಬೇಡ. ಬರ್ಮಾದ ಆ ಕಲ್ಲು ಚೀನಾಕ್ಕೆ ಹೇರಳವಾಗಿ ಬರತೊಡಗಿದ್ದು 18ನೇ ಶತಮಾನದಲ್ಲಿ.

ಎಲ್ಲಿ, ಯಾವಾಗ ಸಿಕ್ಕಿತೆಂಬ ದಾಖಲೆಗೆ ಸಮನಾದದ್ದಿಲ್ಲ. 1976ರಲ್ಲಿ ಚೀನಾದ ಆನ್‌ಯಾಂಗ್‌ನಲ್ಲಿ ಅಗೆದ, ಹಾನ್‌ಗಿಂತ ಬಹಳ ಹಿಂದಿನ ಶಾಂಗ್ ಕಾಲದ ಫೂ ಹಾವೊ ರಾಣಿಯ ಸಮಾಧಿಯಲ್ಲಿ 755 ಜೇಡ್ ವಸ್ತುಗಳು ದೊರೆತವು, ಪುಟಾಣಿ ಆನೆಗಳೂ ಅವುಗಳಲ್ಲಿದ್ದವು. ಅಂಗಡಿಯ ಕೋಣಕ್ಕೆ ಅಂಥ ಆಸರೆಯಿಲ್ಲ.

ಹಿರಿಯರ ಕೋಣದ ತೂತು ಕೊಳವೆಯಂತೆ ನೇರವಾಗಿತ್ತು, ಕಂದು ಬಣ್ಣವೆಲ್ಲ ಬಿರುಕಿನಲ್ಲಿತ್ತು. ಕಲ್ಲು ಅಪ್ಪಟ ನೆಫ್ರೈಟ್, ಕೆಲಸ ಬಹುಶಃ ಇತ್ತೀಚಿನದು ಎಂದು ಬರೆದುಕೊಟ್ಟೆ. ಅವರು ಚೀಟಿಯ ಮೊದಲರ್ಧವನ್ನು ಗಟ್ಟಿಯಾಗಿ ಓದಿಕೊಂಡು, ಕೋಣವನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡರು.